ವಿದ್ಯೆಯು ನಿಲ್ಲುವ ಬಗೆ

(ಶ್ರೀಮಠದ ಉಚಿತ ಪ್ರಸಾದ ನಿಲಯದ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)

ಪ್ರಸಾದ ನಿಲಯದ ವಿದ್ಯಾರ್ಥಿ ಬಂಧುಗಳನ್ನುದ್ದೇಶಿಸಿ ನಾಲ್ಕು ಮಾತುಗಳನ್ನಾಡಲು ಉದ್ಯುಕ್ತನಾಗಿದ್ದೇನೆ. ಈ ಮಠದ ಅನ್ನವನ್ನುಂಡು ಅಕ್ಷರವನ್ನು ಕಲಿತವರಲ್ಲಿ ನಾನೂ ಒಬ್ಬನು. ಆ ಋಣವನ್ನು ತೀರಿಸುವ ಶಕ್ತಿ ನನಗಿಲ್ಲ. ಮೂವತ್ತನಾಲ್ಕು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಾನು ಕಲಿತ ಒಂದೆರಡು ಸಂಗತಿಗಳನ್ನು ಈ ಮಹೋತ್ಸವದ ಸಂದರ್ಭದಲ್ಲಿ ನಿಮ್ಮ ಮುಂದಿಡುವುದಷ್ಟೇ ನನ್ನಿಂದ ಆಗತಕ್ಕ ಸೇವೆ.

ನಾನು ಆಯ್ದುಕೊಂಡ ವಿಷಯವು ದೊಡ್ಡದೇನೂ ಅಲ್ಲ. ಓದಿದ್ದು ಮನಸ್ಸಿನಲ್ಲಿ ನಿಲ್ಲುವುದು ಹೇಗೆ, ಎಂಬುದೇ ಆ ವಿಷಯ. ವಿದ್ಯೆಯ ಮಹಿಮೆಯನ್ನು ಹೊಗಳುವ ಉಪನ್ಯಾಸಗಳನ್ನು ನೀವು ಬಹಳ ಕೇಳಿದ್ದೀರಿ. ಓದಬೇಕು, ಶ್ರಮಪಡಬೇಕು, ಎಂದು ಹಿರಿಯರೆಲ್ಲರೂ ಹೇಳುತ್ತಾರೆ. ಆದರೆ ಹೇಗೆ ಓದಿದರೆ ಶ್ರಮವು ಫಲಿಸುವುದೆಂಬುದನ್ನು ಹೇಳುವವರು ವಿರಳ. ಒಕ್ಕಲಿಗನು ಮಗನಿಗೆ, "ಬಿತ್ತು, ಬಿತ್ತು" ಎಂದಷ್ಟೇ ಹೇಳಿ ಕೂರಿಗೆಯನ್ನು ಹಿಡಿಯುವ ಕ್ರಮವನ್ನು ತೋರಿಸದಿದ್ದರೆ ಬೀಜವೂ ಹಾಳು, ಹೊಲವೂ ಹಾಳು. ವಿದ್ಯೆಯ ವಿಷಯದಲ್ಲಿ ನಾವು ಹಿರಿಯರು ಅನೇಕ ವರ್ಷ ಮಾಡಿದ್ದು ಇದನ್ನೇ. ಅದರಲ್ಲಿ ನನ್ನ ಪಾಲಿನ ತಪ್ಪನ್ನು ಮೊದಲು ನಿಮ್ಮ ಮುಂದೆ ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ.

1978ನೆಯ ಇಸವಿಯ ಮಾತು. ನಾನು ಅಧ್ಯಾಪಕನಾಗಿ ನಾಲ್ಕನೆಯ ವರ್ಷ. ಹತ್ತನೆಯ ಇಯತ್ತೆಯಲ್ಲಿ ಒಣಬೇಸಾಯದ ಹಳ್ಳಿಯಿಂದ ಬಂದ ಒಬ್ಬ ಹುಡುಗನಿದ್ದನು. ಅವನ ಮನೆತನದಲ್ಲಿ ಸಾಲೆಯ ಮೆಟ್ಟಿಲನ್ನೇರಿದವರಲ್ಲಿ ಅವನೇ ಮೊದಲಿಗನು. ಅವನಷ್ಟು ಶ್ರಮಪಡುವ ವಿದ್ಯಾರ್ಥಿಯನ್ನು ನಾನು ಆ ಮೊದಲು ಕಂಡಿರಲಿಲ್ಲ. ರಾತ್ರಿ ಎರಡು ಗಂಟೆಯವರೆಗೆ ಕಂದೀಲಿನ ಮುಂದೆ ಕುಳಿತಿರುವನು; ಇತಿಹಾಸದ ಪುಸ್ತಕದ ಒಂದೊಂದು ಸಾಲಿಗೂ ಕೆಂಪು ಗೆರೆಯನ್ನೆಳೆದಿರುವನು. "ಎಷ್ಟು ಸಲ ಓದಿದೆ?" ಎಂದು ಕೇಳಿದರೆ, "ಹತ್ತು ಸಲ ಆಯ್ತರೀ" ಎನ್ನುವನು. ಹತ್ತು ಸಲ ಓದೆಂದು ಹೇಳಿದವನು ನಾನೇ. ಆದರೆ ಪರೀಕ್ಷೆಯ ಕೋಣೆಯಲ್ಲಿ ಅವನಿಗೆ ಏನೂ ನೆನಪಿಗೆ ಬರುತ್ತಿರಲಿಲ್ಲ. ಎರಡು ಸಲ ನಾಪಾಸಾದನು. ಎರಡನೆಯ ಸಲ ಅವನ ತಂದೆಯು ನನ್ನ ಬಳಿಗೆ ಬಂದು ಏನು ಮಾಡಬೇಕೆಂದು ಕೇಳಿದಾಗ, ಹುಡುಗನ ಎದುರಿನಲ್ಲಿಯೇ ನಾನು, "ಓದು ಇವನ ತಲೆಗೆ ಹತ್ತುವುದಿಲ್ಲ, ಹೊಲಕ್ಕೆ ಕರೆದುಕೊಂಡು ಹೋಗಿರಿ" ಎಂದೆನು. ಅವರಿಬ್ಬರೂ ಕೈಮುಗಿದು ಹೊರಟುಹೋದರು. ನಾನು ನ್ಯಾಯವಾದ ಮಾತನ್ನಾಡಿದೆನೆಂದು ಅಂದು ತಿಳಿದಿದ್ದೆನು.

ಐದು ವರ್ಷಗಳ ತರುವಾಯ ಒಂದು ಜಾತ್ರೆಗೆ ಹೋಗಿದ್ದೆನು. ರಾತ್ರಿ ದೊಡ್ಡಾಟವಿದ್ದಿತು. ಅರ್ಜುನನ ವೇಷದಲ್ಲಿ ಭುಜಕೀರ್ತಿ ಕಿರೀಟಗಳನ್ನು ಧರಿಸಿ ರಂಗಕ್ಕೆ ಬಂದವನ ಧ್ವನಿಯನ್ನು ಕೇಳಿ ಬೆಚ್ಚಿದೆನು. ಅವನೇ ಆ ಹುಡುಗನು! ರಾತ್ರಿ ಹತ್ತರಿಂದ ಬೆಳಗಿನ ಜಾವದವರೆಗೆ, ಪದಗಳನ್ನೂ ಮಾತುಗಳನ್ನೂ ಒಂದಕ್ಷರ ತಡವರಿಸದೆ ಆಡಿದನು. ಎದುರು ಪಾತ್ರದವನು ಮರೆತ ಮಾತನ್ನು ಕೂಡ ಇವನು ಎತ್ತಿಕೊಟ್ಟನು. ಬೆಳಗಾದ ಮೇಲೆ ಬಣ್ಣವನ್ನು ತೊಳೆದುಕೊಂಡು ಬಂದು ನನ್ನ ಪಾದವನ್ನು ಮುಟ್ಟಿದನು. "ತಮ್ಮಾ, ಇಷ್ಟೆಲ್ಲ ಹೇಗೆ ನೆನಪಿಟ್ಟೆ?" ಎಂದು ಕೇಳಿದೆನು. ಅವನು ಹೇಳಿದ್ದಿಷ್ಟು: "ಗುರುಗಳ, ತಾಲೀಮಿನಾಗ ಪುಸ್ತಕ ಕೈಯಾಗ ಕೊಡೂದಿಲ್ಲರೀ. ಒಮ್ಮೆ ಹೇಳಿಕೊಡ್ತಾರ, ಆಮೇಲೆ ಬಾಯಿಲೆ ಒಪ್ಪಿಸಬೇಕು. ತಪ್ಪಿದಲ್ಲೇ ತಿದ್ದತಾರ. ಮೂರು ತಿಂಗಳು ದಿನಾ ರಾತ್ರಿ ಹಂಗ ಮಾಡಿದ್ರ ಯಾರಿಗಾದ್ರೂ ಬರ್ತದರೀ."

ಮಹನೀಯರೇ, ಆ ಹುಡುಗನ ತಲೆಯಲ್ಲಿ ದೋಷವಿರಲಿಲ್ಲ. ನಾನು ಹೇಳಿಕೊಟ್ಟ ಕ್ರಮದಲ್ಲಿ ದೋಷವಿದ್ದಿತು. ಅಕ್ಷರವನ್ನು ಬಲ್ಲ ಉಪಾಧ್ಯಾಯನು ಅರಿಯದಿದ್ದುದನ್ನು ಆಟ ಕಲಿಸುವ ಮಾಸ್ತರನು ಅರಿತಿದ್ದನು. ಅಂದಿನಿಂದ ನಾನು ಈ ವಿಷಯವನ್ನು ಬೆನ್ನು ಹತ್ತಿದೆನು. ನೆನಪು ಮರೆವುಗಳನ್ನು ಅಳೆದು ತೂಗಿದ ಶಾಸ್ತ್ರಜ್ಞರ ಬರಹಗಳನ್ನು ಕ್ರಮೇಣ ಓದಿ ನೋಡಲಾಗಿ, ಆ ಹುಡುಗನ ನಾಲ್ಕು ಮಾತುಗಳಲ್ಲಿದ್ದ ತಿರುಳೇ ಅವುಗಳಲ್ಲಿಯೂ ಇದ್ದುದನ್ನು ಕಂಡೆನು.

ಮೊದಲಿಗೆ ಮರೆವಿನ ಸ್ವಭಾವವನ್ನು ತಿಳಿಯತಕ್ಕದ್ದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಪಂಡಿತನು (1850–1909) ಮರೆವನ್ನು ಲೆಕ್ಕಕ್ಕೆ ತಂದವರಲ್ಲಿ ಮೊದಲಿಗನು. ಅರ್ಥವಿಲ್ಲದ ಸುಮಾರು 2,300 ಅಕ್ಷರಗುಚ್ಛಗಳನ್ನು ಮಾಡಿಕೊಂಡು, ಅವುಗಳ ಸಾಲುಗಳನ್ನು ತಾನೇ ಬಾಯಿಪಾಠ ಮಾಡಿ, ಇಂತಿಷ್ಟು ಹೊತ್ತು ಬಿಟ್ಟು ಮರಳಿ ಕಲಿಯಲು ಎಷ್ಟು ಶ್ರಮ ಉಳಿಯಿತೆಂಬುದನ್ನು ಗುಣಿಸಿ, 1885ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಇಪ್ಪತ್ತು ನಿಮಿಷಗಳ ಬಳಿಕ ಮೊದಲಿನ ಶ್ರಮದಲ್ಲಿ ನೂರಕ್ಕೆ 58 ಪಾಲು ಉಳಿದಿತ್ತು. ಒಂದು ಗಂಟೆಯ ಬಳಿಕ 44. ಒಂದು ದಿನದ ಬಳಿಕ 34. ಒಂದು ತಿಂಗಳ ಬಳಿಕ 21. 2015ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿದ್ವಾಂಸರು ಅದೇ ಪ್ರಯೋಗವನ್ನು ಮರಳಿ ಮಾಡಿ, ಹೆಚ್ಚುಕಡಿಮೆ ಅದೇ ಬಗೆಯ ಇಳಿಜಾರನ್ನು ಕಂಡರು.

ಈ ಅಂಕಿಗಳಿಂದ ಎರಡು ಸಂಗತಿಗಳು ತಿಳಿದುಬರುತ್ತವೆ. ಮರೆವೆಂಬುದು ದಡ್ಡತನದ ಗುರುತಲ್ಲ. ಇಷ್ಟು ದೊಡ್ಡ ಪಂಡಿತನೂ ಒಂದು ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚಿನದನ್ನು ಕಳೆದುಕೊಂಡನು. ಎರಡನೆಯದಾಗಿ, ಮರೆವು ಮೊದಮೊದಲು ಓಡುತ್ತದೆ, ಆಮೇಲೆ ನಡೆಯುತ್ತದೆ, ಕಡೆಗೆ ತೆವಳುತ್ತದೆ. ಆದುದರಿಂದ ಮರೆವಿಗೆ ಒಡ್ಡು ಕಟ್ಟಬೇಕಾದುದು ಮೊದಲಲ್ಲಿಯೇ, ಪರೀಕ್ಷೆಯ ಹಿಂದಿನ ರಾತ್ರಿಯಲ್ಲಲ್ಲ. ಇವು ಅರ್ಥವಿಲ್ಲದ ಅಕ್ಷರಗಳ ಲೆಕ್ಕವೆಂಬುದನ್ನು ಮಾತ್ರ ಮರೆಯಕೂಡದು. ಅರ್ಥವುಳ್ಳ ಪದ್ಯವನ್ನು ಕಲಿಯಲು ಅರ್ಥವಿಲ್ಲದ ಸಾಲಿಗೆ ಬೇಕಾದ ಶ್ರಮದ ಸುಮಾರು ಹತ್ತನೆಯ ಒಂದು ಪಾಲು ಸಾಕಾಯಿತೆಂದು ಅವನೇ ಬರೆದಿಟ್ಟಿದ್ದಾನೆ. ಅರ್ಥವೇ ನೆನಪಿನ ಮೊದಲನೆಯ ಆಧಾರವು.

ಇನ್ನು ಉಪಾಯಗಳಿಗೆ ಬರೋಣ. ಮೊದಲನೆಯದು, ಪುಸ್ತಕವನ್ನು ಮುಚ್ಚಿ ನೆನಪಿನಿಂದ ಹೊರಗೆ ತೆಗೆಯುವುದು. ನಾವು ಓದುವುದೆಂದರೆ ಒಳಗೆ ತುಂಬುವುದೆಂದು ತಿಳಿಯುತ್ತೇವೆ. ಹೊರಗೆ ತೆಗೆಯುವುದು ಪರೀಕ್ಷೆಯ ದಿನದ ಕೆಲಸವೆನ್ನುತ್ತೇವೆ. ಇದು ತಪ್ಪು ತಿಳಿವಳಿಕೆ. ಬಾವಿಯ ನೀರನ್ನು ಸೇದಿದಂತೆಲ್ಲ ಸೆಲೆಯು ತೆರೆಯುವ ಹಾಗೆ, ನೆನಪಿನಿಂದ ತೆಗೆದಷ್ಟೂ ನೆನಪು ಬಲಿಯುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್, ಕಾರ್ಪಿಕೆ ಎಂಬ ಇಬ್ಬರು ವಿದ್ವಾಂಸರು 2006ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಕೇಳಿರಿ. ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿಯೂ ಓದಿತು. ಇನ್ನೊಂದು ಗುಂಪು ಒಂದೇ ಅವಧಿಯಲ್ಲಿ ಓದಿ, ಉಳಿದ ಮೂರು ಅವಧಿಗಳಲ್ಲಿ ಹಾಳೆಯನ್ನು ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಬರಿದೆ ಓದಿದವರೇ ಮುಂದು: ಅವರಿಗೆ ನೂರಕ್ಕೆ 83, ನೆನೆದು ಬರೆದವರಿಗೆ 71. ಒಂದು ವಾರದ ಬಳಿಕ ತಕ್ಕಡಿಯು ತಿರುಗಿತು: ಓದಿದವರಿಗೆ 40, ನೆನೆದವರಿಗೆ 61. ಓದಿದವರು ಆ ಭಾಗವನ್ನು ಸರಾಸರಿ ಹದಿನಾಲ್ಕು ಸಲ ಓದಿದ್ದರು. ನೆನೆದವರು ಮೂರು ನಾಲ್ಕು ಸಲ ಮಾತ್ರ!

ಇದರಲ್ಲಿ ಎಲ್ಲಕ್ಕಿಂತ ಎಚ್ಚರಿಕೆಯಿಂದ ಗಮನಿಸತಕ್ಕ ಮಾತೊಂದುಂಟು. ಒಂದು ವಾರದ ತರುವಾಯ ಎಷ್ಟು ನೆನಪಿರಬಹುದೆಂದು ಮೊದಲೇ ಕೇಳಿದಾಗ, ಹೆಚ್ಚು ಭರವಸೆಯನ್ನು ತೋರಿದವರು ಬರಿದೆ ಓದಿದವರೇ. ಪುನಃಪುನಃ ಓದಿದಾಗ ಸಾಲುಗಳು ಕಣ್ಣಿಗೆ ಪರಿಚಿತವಾಗುತ್ತವೆ. ಪರಿಚಯವನ್ನೇ ನಾವು ಜ್ಞಾನವೆಂದು ಭ್ರಮಿಸುತ್ತೇವೆ. ದಾರಿಯಲ್ಲಿ ದಿನವೂ ಕಾಣುವವನ ಮುಖವನ್ನು ಗುರುತಿಸುವುದು ಬೇರೆ, ಅವನ ಹೆಸರು ಊರುಗಳನ್ನು ಹೇಳುವುದು ಬೇರೆ. ನನ್ನ ವಿದ್ಯಾರ್ಥಿಯು ಕೆಂಪು ಗೆರೆಯೆಳೆದ ಪುಸ್ತಕವನ್ನು ನೋಡಿದಾಗಲೆಲ್ಲ, ಎಲ್ಲವೂ ಬಂದಿತೆಂದು ನಂಬಿ ಮಲಗುತ್ತಿದ್ದನು. ಪುಸ್ತಕವಿಲ್ಲದ ಪರೀಕ್ಷೆಯ ಕೋಣೆಯಲ್ಲಿಯೇ ಆ ನಂಬಿಕೆಯು ಒಡೆಯುತ್ತಿದ್ದಿತು.

ಇದೇನೂ ನಿನ್ನೆ ಮೊನ್ನೆಯ ಶೋಧವಲ್ಲ. 1939ರಲ್ಲಿ ಅಮೆರಿಕದ ಐಯೊವಾ ಪ್ರಾಂತದ 91 ಶಾಲೆಗಳ ಆರನೆಯ ತರಗತಿಯ 3,605 ಮಕ್ಕಳನ್ನು ಪರೀಕ್ಷಿಸಿ ಸ್ಪಿಟ್ಜರ್ ಎಂಬಾತನು ಇದನ್ನೇ ತೋರಿಸಿದ್ದನು. ಓದಿದ ಕೂಡಲೆ ಪ್ರಶ್ನೆಗಳಿಗೆ ಉತ್ತರ ಬರೆದ ಮಕ್ಕಳು, ತಡವಾಗಿ ಬರೆದವರಿಗಿಂತ ವಾರಗಳ ಬಳಿಕವೂ ಹೆಚ್ಚನ್ನು ಉಳಿಸಿಕೊಂಡರು. ಆದುದರಿಂದ ಪರೀಕ್ಷೆಯು ಕೇವಲ ಅಳೆಯುವ ಕೊಳಗವಲ್ಲ. ಅದೇ ಬೆಳೆಯನ್ನೂ ಬೆಳೆಸುತ್ತದೆ. ನೀವು ಮಾಡಬೇಕಾದುದು ಇಷ್ಟೆ: ಪಾಠದ ಒಂದು ಭಾಗವನ್ನು ತಿಳಿದು ಓದಿರಿ, ಪುಸ್ತಕವನ್ನು ಮುಚ್ಚಿರಿ, ಖಾಲಿ ಹಾಳೆಯ ಮೇಲಾಗಲಿ ಪಾಟಿಯ ಮೇಲಾಗಲಿ ನೆನಪಾದುದನ್ನು ಬರೆಯಿರಿ, ಆಮೇಲೆ ಪುಸ್ತಕವನ್ನು ತೆರೆದು ತಪ್ಪಿದ್ದನ್ನೂ ಬಿಟ್ಟದ್ದನ್ನೂ ತಿದ್ದಿಕೊಳ್ಳಿರಿ. ತಿದ್ದಿಕೊಳ್ಳುವುದನ್ನು ಬಿಟ್ಟರೆ ತಪ್ಪೇ ಗಟ್ಟಿಯಾಗುವ ಅಪಾಯವುಂಟು. ನೆನಪಿಗೆ ಬಾರದೆ ತಡವರಿಸುವಾಗ ಬೇಸರವಾಗುವುದು ಸಹಜ. ಆ ತಡವರಿಕೆಯನ್ನು ಸೋಲೆಂದು ತಿಳಿಯಬೇಡಿರಿ. ಕಲಿಯುವ ಕೆಲಸವು ನಡೆಯುವುದು ಅಲ್ಲಿಯೇ.

ಎರಡನೆಯ ಉಪಾಯವು, ಅಂತರವನ್ನಿಟ್ಟು ಅಭ್ಯಾಸ ಮಾಡುವುದು. ಇದನ್ನೂ ಎಬ್ಬಿಂಗ್‌ಹೌಸನೇ ಮೊದಲು ಅಳೆದನು. ಹನ್ನೆರಡು ಅಕ್ಷರಗುಚ್ಛಗಳ ಸಾಲೊಂದನ್ನು ಒಂದೇ ದಿನ 68 ಸಲ ಹೇಳಿಕೊಂಡುದರಿಂದ ಆದ ಪ್ರಯೋಜನವು, ಹೇಳುವುದನ್ನು ಮೂರು ದಿನಗಳಿಗೆ ಹಂಚಿದಾಗ 38 ಸಲಕ್ಕೇ ದೊರೆಯಿತು. ಶ್ರಮವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಒಂದೇ ದಿನ ಆಳುದ್ದ ನೀರು ನಿಲ್ಲಿಸಿದರೆ ಹೊಲವು ಕೆಸರಾಗುವುದಲ್ಲದೆ ಪೈರು ಬೆಳೆಯದು. ಹದವರಿತು ಬಿಟ್ಟು ಬಿಟ್ಟು ಬರುವ ಮಳೆಯೇ ಬೆಳೆಯ ಮಳೆ. ಇದನ್ನು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ರೈತರ ಮಕ್ಕಳಾದ ನಾವು ಪುಸ್ತಕವನ್ನು ಹಿಡಿದ ಕೂಡಲೆ ಇದನ್ನು ಮರೆಯುವುದೇ ಸೋಜಿಗ.

ಎಷ್ಟು ಅಂತರವಿರಬೇಕೆಂದು ನೀವು ಕೇಳಬಹುದು. ಸೆಪೇಡಾ ಮೊದಲಾದ ವಿದ್ವಾಂಸರು 1,350ಕ್ಕೂ ಮಿಕ್ಕಿದ ಜನರನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಫಲವು ಹೀಗಿದೆ: ಎಷ್ಟು ಕಾಲ ನೆನಪಿರಬೇಕೋ ಅದಕ್ಕೆ ತಕ್ಕಂತೆ ಅಂತರವನ್ನು ಹಿಗ್ಗಿಸಬೇಕು. ಒಂದು ವಾರಕ್ಕೆ ಬೇಕಾದುದಾದರೆ ಒಂದು ದಿನ ಬಿಟ್ಟು ನೋಡಿದರೆ ಸಾಕು. ಒಂದು ವರ್ಷ ಉಳಿಯಬೇಕಾದರೆ ಸುಮಾರು ಮೂರು ವಾರಗಳ ಅಂತರವು ಲೇಸು. ನೀವು ಇಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಬೇಕಾಗಿಲ್ಲ. ಇಂದಿನ ಪಾಠವನ್ನು ನಾಳೆ ಒಮ್ಮೆ, ವಾರದ ಕೊನೆಗೆ ಒಮ್ಮೆ, ತಿಂಗಳಿಗೆ ಒಮ್ಮೆ, ಪುಸ್ತಕವನ್ನು ಮುಚ್ಚಿ ನೆನೆದರೆ ಸಾಕು. ಒಂದೊಂದು ಸಲಕ್ಕೆ ಬೇಕಾಗುವ ಹೊತ್ತು ಕಡಿಮೆಯಾಗುತ್ತ ಹೋಗುವುದನ್ನು ನೀವೇ ಕಾಣುವಿರಿ.

ಇದಕ್ಕೊಂದು ಸುಲಭ ಸಾಧನವನ್ನು ಜರ್ಮನ್ ಭಾಷೆಯ ಲೇಖಕನಾದ ಸೆಬಾಸ್ಟಿಯನ್ ಲೈಟ್ನರನು 1972ರ ತನ್ನ ಪುಸ್ತಕದಲ್ಲಿ ತಿಳಿಸಿದ್ದಾನೆ. ಅಂಗೈಯಗಲದ ಚೀಟಿಗಳ ಒಂದು ಬದಿಗೆ ಪ್ರಶ್ನೆ, ಮತ್ತೊಂದು ಬದಿಗೆ ಉತ್ತರ. ಒಂದು ಪೆಟ್ಟಿಗೆಯಲ್ಲಿ ಐದು ಮನೆಗಳು. ಉತ್ತರವು ಸರಿಯಾದ ಚೀಟಿಯು ಮುಂದಿನ ಮನೆಗೆ ಹೋಗುವುದು. ತಪ್ಪಿದ್ದು ಯಾವ ಮನೆಯಲ್ಲಿದ್ದರೂ ಮೊದಲಿನ ಮನೆಗೆ ಮರಳುವುದು. ಮೊದಲಿನ ಮನೆಯನ್ನು ದಿನವೂ ನೋಡಬೇಕು. ಮುಂದುಮುಂದಿನ ಮನೆಗಳನ್ನು ಹೆಚ್ಚುಹೆಚ್ಚು ದಿನ ಬಿಟ್ಟು ನೋಡಬೇಕು. ಹೀಗೆ ಬಾರದುದಕ್ಕೆ ಹೆಚ್ಚು ಹೊತ್ತು, ಬಂದುದಕ್ಕೆ ಕಡಿಮೆ ಹೊತ್ತು ತಾನಾಗಿಯೇ ಸಲ್ಲುತ್ತದೆ. ಈಗ ಇದನ್ನು ಯಂತ್ರಗಳೂ ಮಾಡಿಕೊಡುತ್ತವೆ. ಆದರೆ ಹಳೆಯ ಲಗ್ನಪತ್ರಿಕೆಗಳ ಹಿಂಬದಿಯನ್ನು ಕತ್ತರಿಸಿ ಚೀಟಿ ಮಾಡಿಕೊಂಡರೆ ಒಂದು ಕಾಸೂ ಬೇಕಾಗಿಲ್ಲ. ಬಡವನಿಗೂ ಶ್ರೀಮಂತನಿಗೂ ಈ ಉಪಾಯವು ಸಮಾನವಾಗಿ ಲಭ್ಯವೆಂಬುದನ್ನು ಪ್ರಸಾದ ನಿಲಯದ ನೀವು ವಿಶೇಷವಾಗಿ ಗಮನಿಸಬೇಕು.

ಮೂರನೆಯ ಉಪಾಯವು, ಬಗೆಬಗೆಯ ಲೆಕ್ಕಗಳನ್ನು ಬೆರೆಸಿ ಮಾಡುವುದು. ಗಣಿತದ ಪುಸ್ತಕಗಳಲ್ಲಿ ಒಂದು ಸೂತ್ರ, ಅದರ ಕೆಳಗೆ ಅದೇ ಜಾತಿಯ ಇಪ್ಪತ್ತು ಲೆಕ್ಕಗಳು. ಎರಡು ಮೂರು ಲೆಕ್ಕಗಳಾದ ಮೇಲೆ ಕೈಯೇ ಲೆಕ್ಕವನ್ನು ಮಾಡುತ್ತದೆ. ಬುದ್ಧಿಯು ನಿದ್ದೆ ಹೋಗುತ್ತದೆ. ರೋರರ್, ಟೇಲರ್ ಎಂಬವರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಘನಾಕೃತಿಗಳ ಗಾತ್ರವನ್ನು ಕಂಡುಹಿಡಿಯುವ ಲೆಕ್ಕಗಳನ್ನು ಒಂದು ಗುಂಪು ಜಾತಿವಾರಾಗಿಯೂ ಇನ್ನೊಂದು ಗುಂಪು ಬೆರೆಸಿಯೂ ಮಾಡಿತು. ಅಭ್ಯಾಸದ ವೇಳೆಯಲ್ಲಿ ಜಾತಿವಾರು ಮಾಡಿದವರಿಗೆ ನೂರಕ್ಕೆ 89 ಸರಿ, ಬೆರೆಸಿ ಮಾಡಿದವರಿಗೆ 60. ಒಂದು ವಾರದ ಬಳಿಕದ ಪರೀಕ್ಷೆಯಲ್ಲಿ ಮೊದಲಿನವರಿಗೆ 20, ಎರಡನೆಯವರಿಗೆ 63. ಕಾರಣವು ಸ್ಪಷ್ಟವಾಗಿದೆ. ಪರೀಕ್ಷೆಯಲ್ಲಿ ಸೂತ್ರವನ್ನು ಬಲ್ಲರೆ ಸಾಲದು. ಯಾವ ಲೆಕ್ಕಕ್ಕೆ ಯಾವ ಸೂತ್ರವೆಂದು ಆರಿಸಬೇಕು. ಬೆರೆಸಿ ಮಾಡುವವನು ಆರಿಸುವುದನ್ನು ದಿನವೂ ಕಲಿಯುತ್ತಾನೆ. ಆದುದರಿಂದ ಇಂದಿನ ಲೆಕ್ಕಗಳ ನಡುವೆ ಹಿಂದಿನ ವಾರದವು ನಾಲ್ಕು, ಹಿಂದಿನ ತಿಂಗಳಿನವು ಎರಡು, ಇರಲಿ.

ನಾಲ್ಕನೆಯ ಉಪಾಯವು, ತಿಳಿದುದನ್ನು ಮತ್ತೊಬ್ಬರಿಗೆ ಹೇಳಿಕೊಡುವುದು. ಇದಕ್ಕೆ ಸಾಕ್ಷಿಯನ್ನು ನಾನು ದೂರದಿಂದ ತರಬೇಕಾಗಿಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್ಲನು ಮದರಾಸು ಸರಕಾರಕ್ಕೆ ಕಳುಹಿಸಿದ ವರದಿಯಲ್ಲಿ ನಮ್ಮ ಹಳೆಯ ಸಾಲೆಗಳ ಚಿತ್ರವಿದೆ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಸಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಅವುಗಳಲ್ಲಿ 235 ಕನ್ನಡ ಸಾಲೆಗಳು. ಮಕ್ಕಳು ಉಸುಕಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುತ್ತ ಬಾಯಲ್ಲಿ ಅದನ್ನೇ ಹೇಳುತ್ತಿದ್ದರು. ಮುಂದಿನ ಮಕ್ಕಳು ಹಿಂದಿನ ಮಕ್ಕಳಿಗೆ ಕಲಿಸುತ್ತಿದ್ದರು. ಹೀಗೆ ಕಲಿಸುವುದರಿಂದ ಕಲಿಸುವವನ ವಿದ್ಯೆಯೇ ದೃಢವಾಗುವುದೆಂದು ಆ ಕಲೆಕ್ಟರನು ಮೆಚ್ಚಿ ಬರೆದಿದ್ದಾನೆ. ಇಂಗ್ಲೆಂಡು ಈ ಕ್ರಮವನ್ನು ಅನುಸರಿಸಿದುದು ಯೋಗ್ಯವೇ ಆಯಿತೆಂದೂ ಹೇಳಿದ್ದಾನೆ. ಮದರಾಸಿನಲ್ಲಿದ್ದ ಪಾದ್ರಿ ಆಂಡ್ರೂ ಬೆಲ್ಲನು ಇಲ್ಲಿಯ ಉಸುಕಿನ ಬರವಣಿಗೆಯನ್ನು ಕಂಡು, ಹುಡುಗರಿಂದ ಹುಡುಗರಿಗೆ ಕಲಿಸುವ ಕ್ರಮವನ್ನು 1797ರಲ್ಲಿ ಪುಸ್ತಕರೂಪವಾಗಿ ಅಲ್ಲಿ ಪ್ರಕಟಿಸಿದ್ದನು. ಐಗಳ ಜಗುಲಿಯಲ್ಲಿ ನಡೆದ ವಿದ್ಯೆಯು ಕಡಲನ್ನು ದಾಟಿದ್ದು ನಮಗೆ ಹೆಮ್ಮೆಯ ಮಾತು.

ಆದರೆ ಹೆಮ್ಮೆಯಲ್ಲಿಯೇ ನಿಲ್ಲಬಾರದು. ಅದೇ ವರದಿಯು ನಮ್ಮ ದೋಷವನ್ನೂ ಮುಚ್ಚಿಡದೆ ಹೇಳಿದೆ. ಆ ಸಾಲೆಗಳಲ್ಲಿ ಲಿಂಗವಂತರ ಮಕ್ಕಳು ಗಿರಿಜಾಕಲ್ಯಾಣ, ಚನ್ನಬಸವಪುರಾಣ ಮೊದಲಾದ ಗ್ರಂಥಗಳನ್ನು ಓದುತ್ತಿದ್ದರು. ಆದರೆ ಸಾಲೆಯ ಗ್ರಂಥಗಳ ಭಾಷೆಯು ಮಕ್ಕಳಾಡುವ ಭಾಷೆಗಿಂತ ಬೇರೆಯಾದುದರಿಂದ, ಪದ್ಯಗಳನ್ನು ಲೆಕ್ಕವಿಲ್ಲದಷ್ಟು ಒಪ್ಪಿಸಬಲ್ಲ ಹುಡುಗರಿಗೆ ಅವುಗಳ ಅರ್ಥವು ಗಿಳಿಗೆ ತಿಳಿದಷ್ಟೂ ತಿಳಿದಿರಲಿಲ್ಲವೆಂದು ಅವನು ವ್ಯಥೆಪಟ್ಟಿದ್ದಾನೆ. ಈ ಮಾತು ಕಹಿಯಾದರೂ ಸುಳ್ಳಲ್ಲ. ಬಾಯಿಪಾಠವನ್ನು ಹಳಿಯುವುದು ಈಗ ವಾಡಿಕೆಯಾಗಿದೆ. ನಾನು ಹಾಗೆ ಹಳಿಯುವವನಲ್ಲ. ಮಗ್ಗಿಯು ಬಾಯಿಗೆ ಬಾರದವನು ದೊಡ್ಡ ಲೆಕ್ಕದಲ್ಲಿ ತೊಡರುತ್ತಾನೆ. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಸಂಜೆಯ ಹೊತ್ತು ಕೂಡಿ ಹೇಳುತ್ತಿದ್ದ ನಮ್ಮ ಹಿರಿಯರು ಸಂತೆಯಲ್ಲಿ ಯಾರಿಂದಲೂ ಮೋಸಹೋಗುತ್ತಿರಲಿಲ್ಲ. ಪುಸ್ತಕವಿಲ್ಲದೆ ಒಪ್ಪಿಸುವುದು, ದಿನದಿನವೂ ಒಪ್ಪಿಸುವುದು, ತಪ್ಪಿದಲ್ಲಿ ತಿದ್ದುವುದು, ಈ ಮೂರೂ ಹಳೆಯ ಪದ್ಧತಿಯ ಬಲಗಳು. ಅರ್ಥವನ್ನು ಬಿಟ್ಟುದು ಅದರ ದೌರ್ಬಲ್ಯ. ನಾವು ಮಾಡಿದ್ದೇನೆಂದರೆ, ಹೊಸ ಪದ್ಧತಿಯ ಹೆಸರಿನಲ್ಲಿ ಆ ಮೂರು ಬಲಗಳನ್ನು ಬಿಟ್ಟು, ಅರ್ಥವಿಲ್ಲದ ಓದನ್ನು ಮಾತ್ರ ಉಳಿಸಿಕೊಂಡೆವು!

ಶ್ರವಣ, ಮನನ, ನಿದಿಧ್ಯಾಸನ ಎಂಬ ಮೂರು ಮೆಟ್ಟಿಲುಗಳನ್ನು ನಮ್ಮ ಹಿರಿಯರು ಹೇಳಿದ್ದಾರೆ. ಅದು ಪರಮಾರ್ಥದ ಮಾತು, ಪರೀಕ್ಷೆಗೆ ಹೇಳಿದ್ದಲ್ಲ. ಆದರೂ ಕೇಳಿದ ಮಾತ್ರಕ್ಕೆ ಯಾವುದೂ ನಮ್ಮದಾಗುವುದಿಲ್ಲ, ತಾನೇ ಹೊರಳಿಸಿ ನೋಡಿದಾಗಲೇ ನಮ್ಮದಾಗುತ್ತದೆ, ಎಂಬ ತತ್ತ್ವವು ಲೌಕಿಕ ವಿದ್ಯೆಗೂ ಸಲ್ಲುವಂತಹುದು. ಓದುವಾಗ "ಇದು ಏಕೆ ಹೀಗೆ? ಹೀಗಲ್ಲದಿದ್ದರೆ ಏನಾಗುತ್ತಿತ್ತು? ನಾನು ಮೊದಲು ಬಲ್ಲ ಯಾವ ಸಂಗತಿಗೆ ಇದು ಹೊಂದುತ್ತದೆ?" ಎಂದು ಕೇಳಿಕೊಳ್ಳಿರಿ. ಒಬ್ಬಂಟಿಯಾದ ಸಂಗತಿಯು ಗೂಟವಿಲ್ಲದ ಕರುವಿನಂತೆ ಓಡಿಹೋಗುತ್ತದೆ.

ಕೆಲವು ವಾಡಿಕೆಗಳನ್ನು ಬಿಡಬೇಕೆಂದೂ ಹೇಳಬೇಕಾಗಿದೆ. 2013ರಲ್ಲಿ ಡನ್ಲಾಸ್ಕಿ ಮೊದಲಾದ ಐವರು ವಿದ್ವಾಂಸರು ಅಭ್ಯಾಸದ ಹತ್ತು ಕ್ರಮಗಳನ್ನು ಒರೆಗೆ ಹಚ್ಚಿ ನೋಡಿದರು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಅಂತರವನ್ನಿಟ್ಟು ಅಭ್ಯಸಿಸುವುದು, ಈ ಎರಡಕ್ಕೆ ಮಾತ್ರ ಅವರು ಉತ್ತಮವೆಂಬ ಹೆಸರನ್ನು ಕೊಟ್ಟರು. ಗೆರೆಯೆಳೆಯುವುದೂ ಬರಿದೆ ಮರಳಿ ಓದುವುದೂ ಅಲ್ಪ ಪ್ರಯೋಜನದವುಗಳ ಸಾಲಿಗೆ ಸೇರಿದವು. ನಾನು ಆ ಹುಡುಗನಿಗೆ ಹೇಳಿಕೊಟ್ಟಿದ್ದು ಈ ಎರಡನ್ನೇ! ಇನ್ನೊಂದು ದುರಭ್ಯಾಸವು ನಿದ್ದೆಗೆಡುವುದು. ನಿದ್ದೆಯು ಕಾಲಹರಣವಲ್ಲ. ಕಲಿತ ಬಳಿಕ ಮಲಗಿದವನು ಎಚ್ಚರಿದ್ದವನಿಗಿಂತ ಹೆಚ್ಚನ್ನು ಉಳಿಸಿಕೊಳ್ಳುವನೆಂದು 1924ರಲ್ಲಿಯೇ ಜೆಂಕಿನ್ಸ್, ಡಾಲೆನ್‌ಬಾಕ್ ಎಂಬವರು ತೋರಿಸಿದರು. ಆಮೇಲಿನ ಶೋಧಗಳು ಅದನ್ನು ಬಲಪಡಿಸಿವೆ. ರಾತ್ರಿಯೆಲ್ಲ ಎಚ್ಚರಿದ್ದು ಓದುವವನು ಹಗಲಿನಲ್ಲಿ ಬಿತ್ತಿದುದನ್ನು ರಾತ್ರಿ ತಾನೇ ಮೇಯಿಸಿದಂತಾಗುತ್ತದೆ.

ಇಷ್ಟನ್ನೂ ನಿಲಯದ ದಿನಚರಿಯಲ್ಲಿ ಹೇಗೆ ಅಳವಡಿಸಬಹುದೆಂದು ಸೂಚಿಸಿ ಮುಗಿಸುತ್ತೇನೆ. ಬೆಳಗಿನ ಪ್ರಾರ್ಥನೆಯ ಬಳಿಕ ಅರ್ಧ ಗಂಟೆ, ನಿನ್ನೆಯ ಪಾಠವನ್ನು ಪುಸ್ತಕವಿಲ್ಲದೆ ಬರೆದು ತಿದ್ದಿಕೊಳ್ಳಿರಿ. ಸಂಜೆ ಹೊಸ ಪಾಠವನ್ನು ಅರ್ಥಮಾಡಿಕೊಂಡು ಓದಿರಿ. ರಾತ್ರಿಯ ಪ್ರಸಾದವಾದ ಮೇಲೆ ಇಬ್ಬಿಬ್ಬರು ಕುಳಿತು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿರಿ. ಹಿರಿಯ ತರಗತಿಯವರು ಕಿರಿಯರಿಗೆ ಒಂದು ಲೆಕ್ಕವನ್ನಾದರೂ ಹೇಳಿಕೊಡಿರಿ. ವಾರಕ್ಕೊಮ್ಮೆ, ರವಿವಾರ, ಹಳೆಯ ಪಾಠಗಳನ್ನು ಬೆರೆಸಿ ಒಂದು ಸಣ್ಣ ಪರೀಕ್ಷೆಯನ್ನು ನೀವೇ ಮಾಡಿಕೊಳ್ಳಿರಿ. ಅದರ ಅಂಕಗಳನ್ನು ಯಾರೂ ಬರೆದಿಡತಕ್ಕದ್ದಲ್ಲ. ಅದು ಕಲಿಯುವ ಪರೀಕ್ಷೆ, ಅಳೆಯುವ ಪರೀಕ್ಷೆಯಲ್ಲ. ಹತ್ತು ಗಂಟೆಗೆ ದೀಪವನ್ನಾರಿಸಿ ಮಲಗಿರಿ. ಮೊದಲಿನ ಮೂರು ವಾರ ಈ ಕ್ರಮವು ಕಷ್ಟವೆನಿಸುವುದು. ಏನೂ ಬರುತ್ತಿಲ್ಲವೆಂದು ತೋರುವುದು. ಹಳೆಯ ಕ್ರಮದ ಸುಲಭವೇ ಮೋಸ, ಹೊಸ ಕ್ರಮದ ಕಷ್ಟವೇ ಲಾಭ, ಎಂಬುದನ್ನು ಆಗ ನೆನೆದುಕೊಳ್ಳಿರಿ.

ಇಲ್ಲಿ ನೆರೆದಿರುವ ಉಪಾಧ್ಯಾಯ ಬಂಧುಗಳಲ್ಲಿಯೂ ಪಾಲಕರಲ್ಲಿಯೂ ನನ್ನದೊಂದು ವಿಜ್ಞಾಪನೆಯುಂಟು. ಸಾಲೆಯನ್ನೇ ಕಾಣದ ಮನೆತನದಿಂದ ಬಂದ ಮಗುವಿಗೆ ಓದುವ ಕ್ರಮವನ್ನು ಮನೆಯಲ್ಲಿ ತೋರಿಸುವವರಿಲ್ಲ. ಸೋತಾಗ ಅದು ದೋಷವನ್ನು ತನ್ನ ತಲೆಯ ಮೇಲೆಯೇ ಹೊತ್ತುಕೊಳ್ಳುತ್ತದೆ. ಆ ಕ್ಷಣದಲ್ಲಿ ಹಿರಿಯನಾದವನು ಆಡುವ ಒಂದು ಮಾತು ಇಡಿಯ ಬಾಳನ್ನು ತಿರುಗಿಸಬಲ್ಲದು. ಆದುದರಿಂದ "ಇವನಿಗೆ ಓದು ಹತ್ತುವುದಿಲ್ಲ" ಎನ್ನುವ ಮೊದಲು, "ಇವನು ಹೇಗೆ ಓದುತ್ತಿದ್ದಾನೆ?" ಎಂದು ಒಂದು ರಾತ್ರಿ ಅವನ ಬಳಿ ಕುಳಿತು ನೋಡಿರಿ. ಪುಸ್ತಕವನ್ನು ಮುಚ್ಚಿಸಿ ಕೇಳಿರಿ. ತಪ್ಪಿದಲ್ಲಿ ಬಯ್ಯದೆ ತಿದ್ದಿರಿ. ನಾನು ಇದನ್ನು ಮಾಡಲಿಲ್ಲ.

ಆ ಜಾತ್ರೆಯ ಬೆಳಗಿನಲ್ಲಿ, ನನ್ನ ತಪ್ಪಾಯಿತೆಂದು ಅವನ ಮುಂದೆ ಹೇಳಿದೆನು. ಮರಳಿ ಪರೀಕ್ಷೆಗೆ ಕುಳಿತುಕೊಳ್ಳೆಂದೂ ಹೇಳಿದೆನು. ಅವನು ನಕ್ಕು, "ಈಗ ಎತ್ತು, ಹೊಲ, ತಂಗಿಯರ ಮದಿವಿ ಅದಾವರೀ" ಎಂದನು. ತರುವಾಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ತಮ್ಮ ಏಳನೇ ಇಯತ್ತೆಯೊಳಗ ಅದಾನ. ಅವಂಗ ಹಂಗ ಕಲಿಸ್ರೀ ಗುರುಗಳ" ಎಂದನು. ಆ ತಮ್ಮನನ್ನು ನಾನು ಮನೆಯಲ್ಲಿಟ್ಟುಕೊಂಡು, ಪುಸ್ತಕವನ್ನು ಮುಚ್ಚಿಸಿ ಕಲಿಸಿದೆನು. ಅವನು ಪಾಸಾಗಿ ಮುಂದೆ ಓದಿದನು. ಆದರೆ ಅಣ್ಣನ ಋಣವು ಹಾಗೆಯೇ ಉಳಿದಿದೆ. ಅದನ್ನು ಇಂದು ನಿಮ್ಮ ಮುಂದೆ ಹೇಳಿದುದರಿಂದ, ನಿಮ್ಮಲ್ಲಿ ಒಬ್ಬ ಹುಡುಗನಾದರೂ ತನ್ನನ್ನು ದಡ್ಡನೆಂದು ತಿಳಿದು ಗಂಟುಕಟ್ಟುವುದನ್ನು ಬಿಟ್ಟರೆ, ಈ ಮುದುಕನ ಮಾತಿಗೆ ಸಾರ್ಥಕ್ಯವುಂಟಾದೀತು.

ಅನ್ನ, ಅರಿವೆ, ಆಸರೆಗಳನ್ನು ಶ್ರೀಮಠವು ನಿಮಗೆ ಕೊಟ್ಟಿದೆ. ಅದನ್ನು ವಿದ್ಯೆಯಾಗಿ ಅರಗಿಸಿಕೊಳ್ಳುವ ಕೆಲಸವು ನಿಮ್ಮದು.